ಎಂಜಿನ್ ಬೆನ್ನಿಗಂಟಿದ ಗಾಲಿ

ಗೋವೆಯಿಂದ ಚೋರ್ಲಾ ಘಾಟು ಹತ್ತಿ ಬೆಳಗಾವಿಗೆ ಮರಳುವವರಿಗೆ ಒಂದು ವಾಸನೆ ಚಿರಪರಿಚಿತ. ಮುಂದೆ ಹೊರೆ ತುಂಬಿದ ಲಾರಿ, ಹಿಂದೆ ಹಾರ್ನು ಬಾರಿಸುವ ಸಾಲು, ತಿರುವಿನಲ್ಲೇ ಏರು. ಹ್ಯಾಂಡ್‌ಬ್ರೇಕ್ ಎಳೆಯುವ ಬದಲು ಚಾಲಕ ಅರ್ಧ ಕ್ಲಚ್ಚಿನಲ್ಲೇ ಕಾರನ್ನು ಏರಿನಲ್ಲಿ ತಡೆದು ನಿಲ್ಲಿಸುತ್ತಾನೆ. ಕಣಕುಂಬಿ ಬರುವಷ್ಟರಲ್ಲಿ ಕಾರಿನೊಳಗೆಲ್ಲ ಸುಟ್ಟ ವಾಸನೆ. ‘ಕ್ಲಚ್ ಪ್ಲೇಟ್ ಹೋಯ್ತು’ ಎಂದು ಎಲ್ಲರೂ ಹೇಳುತ್ತಾರೆ. ಆ ಪ್ಲೇಟು ಯಾವುದಕ್ಕೆ ಉಜ್ಜಿ ಸುಟ್ಟಿತೋ ಆ ಕಬ್ಬಿಣದ ಗಾಲಿಯ ಗತಿ ಏನಾಯಿತೆಂದು ಕೇಳುವವರು ಕಡಿಮೆ.

ಆ ಗಾಲಿಯೇ ಫ್ಲೈವೀಲ್. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಆರೋ ಎಂಟೋ ಬೋಲ್ಟುಗಳಿಂದ ಬಿಗಿದ, ಸಣ್ಣ ಕಾರಿನಲ್ಲಾದರೆ ಸುಮಾರು ಏಳೆಂಟು ಕಿಲೋ ತೂಗುವ ತಟ್ಟೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡೇ ಸಲ ಶಕ್ತಿಯ ಹೊಡೆತ ಕೊಡುತ್ತದೆ. ನಡುನಡುವೆ ಪಿಸ್ಟನ್‌ಗಳು ಗಾಳಿಯನ್ನು ಒತ್ತಬೇಕು, ಹೊಗೆಯನ್ನು ಹೊರದಬ್ಬಬೇಕು. ಅದಕ್ಕೂ ಶಕ್ತಿ ಬೇಕು. ಹೊಡೆತ ಬಿದ್ದಾಗ ಬಂದದ್ದನ್ನು ಕೂಡಿಟ್ಟು, ಹೊಡೆತವಿಲ್ಲದ ಕ್ಷಣದಲ್ಲಿ ಮರಳಿ ಕೊಡುವುದು ಈ ಗಾಲಿಯ ಕೆಲಸ.

ಖಾನಾಪುರದ ಕುಂಬಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಜೇಡಿಮಣ್ಣಿಗೆ ಹೆಸರಾದ ಆ ಊರಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಕೋಲಿನಿಂದ ತಿಗರಿಯನ್ನು ರಭಸವಾಗಿ ತಿರುವಿ ಕೋಲು ಬದಿಗಿಟ್ಟ ಮೇಲೆ, ಎರಡೂ ಕೈ ಮಣ್ಣಿನ ಮೇಲಿರುವಾಗ ಅದನ್ನು ತಿರುಗಿಸುತ್ತಿರುವುದು ತಿಗರಿಯ ಅಂಚಿನ ತೂಕ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಇದೇ ತತ್ವವನ್ನು ಮಾರಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಅವರು ಮುಂದೆ ಮೇವು ಕತ್ತರಿಸುವ ಯಂತ್ರ ತಯಾರಿಸಿದರು. ಅಂಥ ಯಂತ್ರದ ದೊಡ್ಡ ಗಾಲಿಗೇ ಅಲಗುಗಳನ್ನು ಕೂಡಿಸಿರುತ್ತಾರೆ. ದಂಟು ಅಡ್ಡ ಬಂದರೂ ಕೈ ನಿಲ್ಲುವುದಿಲ್ಲ, ಗಾಲಿಯ ಓಟವೇ ಕತ್ತರಿಸಿ ಮುಂದೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಏಳು ಕಿಲೋ ತೂಕ, 26 ಸೆಂಟಿಮೀಟರ್ ಅಗಲದ ತಟ್ಟೆ ನಿಮಿಷಕ್ಕೆ 800 ಸುತ್ತು ತಿರುಗುವಾಗ ಅದರಲ್ಲಿ ಸುಮಾರು 200 ಜೂಲ್ ಶಕ್ತಿ ಇರುತ್ತದೆ. 3000 ಸುತ್ತಿಗೆ ಅದು 2900 ಜೂಲ್ ದಾಟುತ್ತದೆ. ವೇಗ ನಾಲ್ಕು ಪಟ್ಟೂ ಆಗಿಲ್ಲ, ಶಕ್ತಿ ಮಾತ್ರ ಹದಿನಾಲ್ಕು ಪಟ್ಟು; ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 6000 ಸುತ್ತಿನಲ್ಲಿ ಗಾಲಿಯ ಅಂಚು ಗಂಟೆಗೆ ಸುಮಾರು 290 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕಬ್ಬಿಣವನ್ನು ಹೊರಕ್ಕೆ ಸೀಳಲು ನೋಡುವ ಒತ್ತಡವೂ ವೇಗದ ವರ್ಗವನ್ನೇ ಅನುಸರಿಸುವುದರಿಂದ, ಬಿರುಕು ಬಿಟ್ಟ ಫ್ಲೈವೀಲನ್ನು ಬೆಸುಗೆ ಹಾಕಿಸಿ ಮತ್ತೆ ಕೂಡಿಸುವ ಮಾತೇ ಬೇಡ.

ಇನ್ನು ಘಾಟಿನ ವಾಸನೆಗೆ ಬರೋಣ. ಒಂದು ಟನ್ ತೂಕದ ಕಾರನ್ನು ನೂರಕ್ಕೆ ಹತ್ತರ ಏರಿನಲ್ಲಿ, ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನಿನಿಂದ ಅರ್ಧ ಕ್ಲಚ್ಚಿನಲ್ಲಿ ತಡೆದು ನಿಲ್ಲಿಸಿದರೆ, ಹೆಚ್ಚೂಕಡಿಮೆ ಮೂರು ಕಿಲೋವಾಟ್ ಶಕ್ತಿ ಪ್ಲೇಟಿನ ಉಜ್ಜುವಿಕೆಯಲ್ಲೇ ಶಾಖವಾಗುತ್ತದೆ. ಇಡೀ ಗಾಲಿ ಕೂಡಲೇ ಕಾಯುವುದಿಲ್ಲ. ಕಾಯುವುದು ಮೇಲ್ಪದರ, ಅದರಲ್ಲೂ ಕೂದಲೆಳೆಯಷ್ಟು ಎತ್ತರವಿರುವ ಕೆಲವು ಚುಕ್ಕೆಗಳು. 300 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಅಲ್ಲಿ ನೀಲಿ ಬಣ್ಣ ಮೂಡುತ್ತದೆ. ಶಾಖ 730 ಡಿಗ್ರಿಯ ಆಚೆ ಹೋದರೆ ಕಬ್ಬಿಣದ ಒಳರಚನೆಯೇ ಬದಲಾಗುತ್ತದೆ. ಅಡಿಯ ತಣ್ಣನೆ ಕಬ್ಬಿಣ ಆ ಶಾಖವನ್ನು ಥಟ್ಟನೆ ಹೀರಿಕೊಂಡಾಗ ಚುಕ್ಕೆ ಮಾರ್ಟೆನ್ಸೈಟ್ ಎಂಬ ಗಡುಸು ರೂಪಕ್ಕೆ ತಿರುಗುತ್ತದೆ. ಸುತ್ತಲಿನ ಮೆದು ಕಬ್ಬಿಣ ಸವೆಯುತ್ತದೆ, ಚುಕ್ಕೆ ಸವೆಯದೆ ಉಬ್ಬಿ ನಿಲ್ಲುತ್ತದೆ. ಕ್ಲಚ್ ಬಿಡುವಾಗ ಕಾರು ಗಡಗಡ ನಡುಗುವುದಕ್ಕೆ ಇದೊಂದು ಮುಖ್ಯ ಕಾರಣ. ಪ್ಲೇಟ್ ಮಾತ್ರ ಹೊಸದು ಹಾಕಿಸಿಕೊಂಡವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಗ್ಯಾರೇಜಿನ ಬಾಗಿಲಿಗೆ ಬರುವುದೂ ಇದಕ್ಕೇ.

ಫ್ಲೈವೀಲನ್ನು ಮನೆಯಲ್ಲೇ ಬದಲಿಸಬಹುದೇ? ಬದಲಿಸಬಹುದು. ಬೆಳಗಾವಿ ಬಳಿಯ ಸಾಂಬ್ರಾದಂಥ ಊರಿನಲ್ಲಿ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಕೆಲಸ ಮಾಡುವಷ್ಟು ಜಾಗ ಸಿಗುತ್ತದೆ. ಬೇಕಾದ ಪಾನಾಗಳೂ ದುಬಾರಿಯಲ್ಲ. ಆದರೆ ಈ ಕೆಲಸದಲ್ಲಿ ಫ್ಲೈವೀಲಿನದು ಕಾಲು ಪಾಲು, ಅಲ್ಲಿಗೆ ತಲುಪುವುದೇ ಮುಕ್ಕಾಲು ಪಾಲು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು, ಸೆಲ್ಫ್ ಮೋಟಾರ್ ಬಿಚ್ಚಬೇಕು, ಗೇರ್ ಆಯಿಲ್ ಇಳಿಸಿ ಡ್ರೈವ್‌ಶಾಫ್ಟ್ ಹೊರಗೆಳೆಯಬೇಕು, ಕೊನೆಗೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಸಣ್ಣ ಕಾರಿನ ಗೇರ್‌ಬಾಕ್ಸೂ ಮೂವತ್ತು ಕಿಲೋ ಮೀರಿ ತೂಗುತ್ತದೆ. ಅದರ ಮೌಂಟಿಂಗ್ ಕಳಚಿದೊಡನೆ ಎಂಜಿನ್ನಿನ ಒಂದು ಬದಿಗೆ ಆಸರೆ ಇರುವುದಿಲ್ಲವಾದ್ದರಿಂದ ಮೇಲಿಂದ ಅಡ್ಡಪಟ್ಟಿಗೆ ತೂಗುಹಾಕಬೇಕು, ಇಲ್ಲವೇ ಕೆಳಗಿಂದ ಮರದ ತುಂಡಿಟ್ಟು ಜ್ಯಾಕ್ ಕೊಡಬೇಕು.

ಇಲ್ಲಿ ನನ್ನದೊಂದು ಹಟವಿದೆ. ಒಳ್ಳೆಯ ಜ್ಯಾಕ್ ಸ್ಟ್ಯಾಂಡ್ ಇಲ್ಲದವರು ಕಾರಿನ ಕೆಳಗೆ ನುಗ್ಗಲೇಬಾರದು. ಹೈಡ್ರಾಲಿಕ್ ಜ್ಯಾಕು ಒಂದು ಟನ್ನನ್ನು ಎತ್ತುವುದು ಒಳಗಿನ ಎಣ್ಣೆಯ ಒತ್ತಡದಿಂದ. ಆ ಎಣ್ಣೆಯನ್ನು ತಡೆದಿರುವುದು ಒಂದು ರಬ್ಬರ್ ಸೀಲ್. ಎತ್ತಲಿಕ್ಕೆ ಜ್ಯಾಕು, ನಿಲ್ಲಿಸಲಿಕ್ಕೆ ಉಕ್ಕಿನ ಸ್ಟ್ಯಾಂಡು. ಇಟ್ಟಿಗೆ, ಹಾಲೋ ಬ್ಲಾಕ್ ಎರಡೂ ಸಲ್ಲ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಮಣ್ಣಿನ ಅಂಗಳವೂ ಬೇಡ, ಮಳೆಗಾಲದಲ್ಲಂತೂ ಸ್ಟ್ಯಾಂಡಿನ ಕಾಲು ಹೂತು ವಾಲುತ್ತದೆ.

ಗೇರ್‌ಬಾಕ್ಸ್ ಇಳಿದ ಮೇಲೆ ಕಾಣುವುದು ಪ್ರೆಶರ್ ಪ್ಲೇಟು, ಸುತ್ತಲೂ ಕಪ್ಪು ಧೂಳು. ಅದನ್ನು ಊದಬೇಡಿ, ಏರ್ ಹೊಡೆಯಲೂಬೇಡಿ. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇದ್ದಿರಬಹುದು, ಅದರ ಎಳೆ ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ರೆಶರ್ ಪ್ಲೇಟು, ಕ್ಲಚ್ ಪ್ಲೇಟು ಕಳಚಿದ ಮೇಲೆ ಫ್ಲೈವೀಲಿನ ಬೋಲ್ಟು ಬಿಚ್ಚುವಾಗ ಗಾಲಿಯೇ ತಿರುಗಿಬಿಡುತ್ತದೆ; ಅಂಚಿನ ರಿಂಗ್ ಗೇರಿನ ಹಲ್ಲಿಗೆ ಕಚ್ಚಿಕೊಂಡು ಹಿಡಿಯುವ ಲಾಕಿಂಗ್ ಪಟ್ಟಿ ಬಳಸಿ. ಸ್ಕ್ರೂಡ್ರೈವರ್ ತುರುಕಿದರೆ ಹಲ್ಲು ಮುರಿಯುತ್ತದೆ. ಕೊನೆಯ ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಬಿಟ್ಟಿರಿ, ಇಲ್ಲದಿದ್ದರೆ ಕೆಳಗೆ ಮಲಗಿದವರ ಎದೆಯ ಮೇಲೆ ಏಳು ಕಿಲೋ ಬೀಳುತ್ತದೆ.

ಕಳಚಿದ ಗಾಲಿಯನ್ನು ಬೆಳಕಿಗೆ ಹಿಡಿದು ಅಂಚಿನ ಹಲ್ಲುಗಳನ್ನು ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ನಾದರೆ ಸವೆತ ಸುತ್ತಲೂ ಸಮನಾಗಿರುವುದಿಲ್ಲ. ಎದುರುಬದುರಿನ ಎರಡು ಜಾಗಗಳಲ್ಲಿ ಹಲ್ಲು ತಿಂದುಹೋಗಿ, ಉಳಿದೆಡೆ ಹೊಸದರಂತೆ ಇರುತ್ತದೆ. ಕೀಲಿ ತಿರುವಿ ಎಂಜಿನ್ ಆಫ್ ಮಾಡಿದಾಗ ಯಾವುದೋ ಒಂದು ಸಿಲಿಂಡರಿನಲ್ಲಿ ಒತ್ತಿದ ಗಾಳಿ ಪಿಸ್ಟನ್ನನ್ನು ತಡೆದು ನಿಲ್ಲಿಸುತ್ತದೆ. ಹಾಗಾಗಿ ಕ್ರ್ಯಾಂಕ್ ಬಹುತೇಕ ಪ್ರತಿ ಸಲವೂ ಆ ಎರಡು ಜಾಗಗಳಲ್ಲೊಂದರಲ್ಲೇ ನಿಲ್ಲುತ್ತದೆ, ಮುಂದಿನ ಸಲ ಸೆಲ್ಫ್ ಕಚ್ಚುವುದೂ ಅಲ್ಲಿಯೇ. ಹಳೆಯ ಮಿಸ್ತ್ರಿಗಳು ರಿಂಗನ್ನು ಹೊರತೆಗೆದು ಕಾಲು ಸುತ್ತು ತಿರುಗಿಸಿ ಕೂಡಿಸುತ್ತಿದ್ದರು. ಅಲ್ಲಿಗೆ ಅದರ ಆಯುಷ್ಯ ಎರಡರಷ್ಟಾಯಿತು. ರಿಂಗನ್ನು ಕೂಡಿಸುವುದು ಶಾಖದಿಂದ. 26 ಸೆಂಟಿಮೀಟರ್ ವ್ಯಾಸದ ಉಕ್ಕಿನ ಬಳೆಯನ್ನು 200 ಡಿಗ್ರಿಯಷ್ಟು ಕಾಯಿಸಿದರೆ ಅದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ, ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ, ತಣ್ಣಗಾದಾಗ ಬಿಗಿದಪ್ಪಿಕೊಳ್ಳುತ್ತದೆ. ಕೆಂಪಗಾಗುವಷ್ಟು ಕಾಯಿಸಿದರೆ ಹಲ್ಲಿನ ಹದ ಹೋಗುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗದಿರುವುದೇ ಒಳ್ಳೆಯದು.

ಹಳೆಯ ಗಾಲಿಯನ್ನೇ ಸಾಣೆ ಹಿಡಿಸಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಗೆರೆ ಬಿದ್ದಿದ್ದರೆ, ತೆಳುವಾಗಿ ನೀಲಿಯಾಗಿದ್ದರೆ ಹಿಡಿಸಬಹುದು. ಉದ್ಯಮಬಾಗದಂಥ ಕೈಗಾರಿಕಾ ವಸಾಹತು, ಎರಕದ ಕಾರ್ಖಾನೆಗಳು, ಲೇಥ್ ಅಂಗಡಿಗಳಿರುವ ಬೆಳಗಾವಿಯಲ್ಲಿ ಸರ್ಫೇಸ್ ಗ್ರೈಂಡಿಂಗ್‌ಗೆ ಅಲೆಯಬೇಕಾಗಿಲ್ಲ. ಆದರೆ ಗಡುಸು ಚುಕ್ಕೆ ಬಿದ್ದಿದ್ದರೆ ಅದರ ಬೇರು ಒಳಗೆ ಇಳಿದಿರುತ್ತದೆ. ಇಂದು ಸಮ ಮಾಡಿದರೂ ನಾಳೆ ಮತ್ತೆ ಉಬ್ಬುತ್ತದೆ. ಸೂಕ್ಷ್ಮ ಬಿರುಕಿನ ಜಾಲ ಬೋಲ್ಟಿನ ತೂತಿನ ಕಡೆಗೆ ಹಬ್ಬಿದ್ದರೆ ಗುಜರಿಗೆ ಹಾಕುವುದೊಂದೇ ದಾರಿ. ಎರಡು ತಟ್ಟೆಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲಿನ ಕಥೆ ಬೇರೆ. ಡೀಸೆಲ್ ಎಂಜಿನ್ನಿನ ಒರಟು ಹೊಡೆತವನ್ನು ನುಂಗಲು ಮಾಡಿದ ಇದನ್ನು ಸಾಣೆ ಹಿಡಿಯುವಂತಿಲ್ಲ, ಬೆಲೆಯೂ ಕೈಸುಡುವಂಥದ್ದು.

ಹೊಸ ಗಾಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರುತ್ತಾರೆ; ಬ್ರೇಕ್ ಕ್ಲೀನರಿನಿಂದ ಒರೆಸಿ, ಆಮೇಲೆ ಆ ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಗೇರ್‌ಬಾಕ್ಸ್ ಹೇಗೂ ಇಳಿದಿದೆ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ರಿಲೀಸ್ ಬೇರಿಂಗನ್ನೂ ಈಗಲೇ ಬದಲಿಸಿಬಿಡಿ. ಬೋಲ್ಟುಗಳೂ ಹೊಸವೇ ಬೇಕು, ಏಕೆಂದರೆ ಅನೇಕ ಕಾರುಗಳಲ್ಲಿ ಅವು ಬಿಗಿಯುವಾಗಲೇ ಕಾಯಮ್ಮಾಗಿ ಹಿಗ್ಗುವಂಥವು, ಎರಡನೇ ಸಲಕ್ಕೆ ನಂಬುವಂತಿಲ್ಲ.

ಬಿಗಿಯುವ ಬಲದ ಭೌತಶಾಸ್ತ್ರ ಸ್ವಲ್ಪ ವಿಚಿತ್ರ. ಪಾನಾದ ಮೇಲೆ ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ ಹೋಗುತ್ತದೆ, ಶೇಕಡಾ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಗಾಲಿಯನ್ನು ನಿಜವಾಗಿ ಅಮುಕಿ ಹಿಡಿಯುವುದು ಉಳಿದ ಶೇಕಡಾ 10 ಮಾತ್ರ. ಥ್ರೆಡ್ಡಿಗೆ ಒಂದು ತೊಟ್ಟು ಎಣ್ಣೆ ತಗುಲಿದರೆ ಘರ್ಷಣೆ ಇಳಿದು ಆ ಹತ್ತು ಎಷ್ಟಕ್ಕೋ ಏರುತ್ತದೆ, ಬೋಲ್ಟು ಅಗತ್ಯ ಮೀರಿ ಎಳೆದುಕೊಳ್ಳುತ್ತದೆ. ಅದಕ್ಕೇ ತಯಾರಕರು ಒಣಗಿಸಿ ಬಿಗಿಯಬೇಕೋ, ಥ್ರೆಡ್ ಲಾಕ್ ಅಂಟು ಹಚ್ಚಬೇಕೋ ಎಂದು ಸ್ಪಷ್ಟವಾಗಿ ಹೇಳಿರುತ್ತಾರೆ. ಕೆಲವು ಕಾರುಗಳಲ್ಲಿ ಮೊದಲು ಇಷ್ಟು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ತಿರುವು ಎಂದಿರುವುದೂ ಘರ್ಷಣೆಯ ಈ ಚಂಚಲತೆಯನ್ನು ತಪ್ಪಿಸಲಿಕ್ಕೆ. ಆ ಅಂಕಿಯನ್ನು ನಿಮ್ಮ ಕಾರಿನ ಮ್ಯಾನುಯಲ್ಲಿನಿಂದಲೇ ತೆಗೆದುಕೊಳ್ಳಿ. ‘ನನ್ನ ಕೈಗೆ ಗೊತ್ತಾಗತೈತಿ’ ಎನ್ನುವವರ ಮಾತು ಇಲ್ಲಿ ನಡೆಯದು. ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಗಳ ಎಂಜಿನ್ ಬೋಲ್ಟನ್ನೂ ಯಾರೂ ಕೈಯಂದಾಜಿಗೆ ಬಿಡುವುದಿಲ್ಲ. ಟಾರ್ಕ್ ರೆಂಚ್ ಕೊಳ್ಳಲಾಗದಿದ್ದರೆ ಬಾಡಿಗೆಗೋ ಗೆಳೆಯರಿಂದಲೋ ತನ್ನಿ. ಎದುರುಬದುರಿನ ಬೋಲ್ಟುಗಳನ್ನು ಅಡ್ಡಡ್ಡವಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯಿರಿ.

ಬಿಗಿದಾದ ಮೇಲೆ ಎಂಜಿನ್ನಿನ ಮೈಗೆ ಡಯಲ್ ಗೇಜ್ ಕಚ್ಚಿಸಿ, ಮುಳ್ಳನ್ನು ಗಾಲಿಯ ಮುಖಕ್ಕೆ ತಾಗಿಸಿ ಕೈಯಿಂದ ಒಂದು ಸುತ್ತು ತಿರುಗಿಸಿ. ಓಲಾಟ ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸಿನಲ್ಲಿರಬೇಕು. ಹೆಚ್ಚಿದ್ದರೆ ಬಹುತೇಕ ಕ್ರ್ಯಾಂಕ್ ಮತ್ತು ಗಾಲಿಯ ನಡುವೆ ಧೂಳಿನ ಕಣವೋ ತುಕ್ಕಿನ ಹೊಪ್ಪಳೆಯೋ ಸಿಕ್ಕಿರುತ್ತದೆ. ಬಿಚ್ಚಿ ಒರೆಸಿ ಮತ್ತೆ ಕೂಡಿಸಿ. ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಕಡ್ಡಿಯಿಂದ ನಡುವಿಗೆ ತಂದು ಪ್ರೆಶರ್ ಪ್ಲೇಟ್ ಬಿಗಿಯಿರಿ. ಗೇರ್‌ಬಾಕ್ಸ್ ಏರಿಸುವಾಗ ಇಬ್ಬರು ಬೇಕೇ ಬೇಕು. ಅದರ ಶಾಫ್ಟು ಅರ್ಧ ನುಗ್ಗಿದಾಗ ಗೇರ್‌ಬಾಕ್ಸಿನ ಭಾರ ಪ್ಲೇಟಿನ ಮೇಲೆ ಜೋತುಬಿದ್ದರೆ ಪ್ಲೇಟಿನ ನಡುಭಾಗ ಬಾಗುತ್ತದೆ. ಕೊನೆಯ ಒಂದಂಗುಲ ಒಳಹೋಗದಿದ್ದರೆ ಬೋಲ್ಟು ಬಿಗಿದು ಎಳೆಯಲು ಹೋಗಬೇಡಿ. ಹಿಂದಕ್ಕೆ ತಂದು, ಕ್ರ್ಯಾಂಕನ್ನು ತುಸು ತಿರುಗಿಸಿ, ಹಲ್ಲಿಗೆ ಹಲ್ಲು ಕೂಡಿಸಿ ನೋಡಿ.

ಗೇರ್ ಆಯಿಲ್ ತುಂಬಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಶುರು ಮಾಡಿ ಸ್ವಲ್ಪ ಹೊತ್ತು ಕಿವಿಗೊಡಿ. ಕಿರುಗುಟ್ಟುವ ಸದ್ದಿದ್ದರೆ ಸೆಲ್ಫ್ ಸರಿಯಾಗಿ ಕೂತಿರಲಿಕ್ಕಿಲ್ಲ. ಎಲ್ಲ ಸರಿಯಿದ್ದರೂ ಮೊದಲ ನಾಲ್ಕೈದು ನೂರು ಕಿಲೋಮೀಟರ್ ಊರೊಳಗಿನ ನಿಂತು ಹೋಗುವ ಓಟವೇ ಇರಲಿ. ಹೊಸ ಪ್ಲೇಟಿನ ಮುಖ ಹೊಸ ಕಬ್ಬಿಣಕ್ಕೆ ಪೂರ್ತಿ ಒಪ್ಪಿಕೊಳ್ಳುವ ಮೊದಲೇ ಭಾರ ಹೇರಿದರೆ ಚುಕ್ಕೆಗಳು ಅಲ್ಲಿಂದಲೇ ಮತ್ತೆ ಶುರುವಾಗುತ್ತವೆ.