ಕಲಬುರಗಿಯಲ್ಲಿ ಎಲೆ ಉದುರುವುದು ಯಾವಾಗ?

ಅಕ್ಟೋಬರ್ ತಿಂಗಳಲ್ಲಿ ಕಲಬುರಗಿಯ ಶಾಲೆಯೊಂದರ ಕಿಟಕಿಯಿಂದ ಹೊರಗೆ ನೋಡಿದರೆ ಬೇವಿನ ಗಿಡ ಮೈತುಂಬ ಹಸಿರು ಹೊತ್ತು ನಿಂತಿರುತ್ತದೆ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಕಾಣುತ್ತದೆ. ಅದೇ ಹೊತ್ತಿಗೆ ತರಗತಿಯ ಗೋಡೆಯ ಮೇಲಿನ ಋತುಗಳ ಚಾರ್ಟಿನಲ್ಲಿ, 'ಆಟಮ್' ಎಂದು ಬರೆದ ಚೌಕದೊಳಗೆ, ಕಿತ್ತಳೆ ಬಣ್ಣದ ಮೇಪಲ್ ಎಲೆಗಳು ಉದುರುತ್ತಿರುತ್ತವೆ. ಎರಡನೇ ತರಗತಿಯ ಮಗು ಎರಡನ್ನೂ ನೋಡುತ್ತದೆ. ಪರೀಕ್ಷೆಯಲ್ಲಿ ಅಂಕ ಸಿಗುವುದು ಚಾರ್ಟನ್ನು ನಂಬಿದವರಿಗೆ. ವಿಜ್ಞಾನ ಕಲಿಯುವುದು ಮಾತ್ರ ಕಿಟಕಿಯನ್ನು ನಂಬಿದವರು.

ಗೊಂದಲ ಶುರುವಾಗುವುದು ನಿಘಂಟಿನಿಂದ. ಆಟಮ್ ಎಂದರೆ ಶರತ್ಕಾಲ ಎಂದು ಅದು ಹೇಳುತ್ತದೆ. ತಿಂಗಳ ಲೆಕ್ಕಕ್ಕೆ ಅದು ಸರಿ. ಆದರೆ ನಮ್ಮ ಶರತ್ತು ಎಲೆ ಉದುರುವ ಕಾಲವಲ್ಲ. ಆಶ್ವಯುಜ, ಕಾರ್ತಿಕ ಮಾಸಗಳೆಂದರೆ ತುಂಬಿದ ಕೆರೆ, ದಸರೆಯ ಬನ್ನಿ, ಸೀಗಿ ಹುಣ್ಣಿಮೆ. ಎಲೆ ಉದುರುವುದು ಅದಾದ ಮೇಲೆ, ಶಿಶಿರದಲ್ಲಿ, ಮಾಘ–ಫಾಲ್ಗುಣದ ಒಣಹವೆಗೆ. ಅಂದರೆ ಯುರೋಪಿನ ಒಂದು ಋತುವಿನ ಪಾಠ ಇಲ್ಲಿ ಎರಡು ಪಾಠವಾಗಬೇಕು: ಒಂದು ದಸರೆಯ ಹೊತ್ತಿಗೆ, ಇನ್ನೊಂದು ಶಿವರಾತ್ರಿಯ ಹೊತ್ತಿಗೆ.

ಯಾಕೆ ಹೀಗೆ? ಲಂಡನ್ನಿನಲ್ಲಿ ವರ್ಷದ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಅತಿ ಚಿಕ್ಕ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಹಗಲು ಕುಗ್ಗಿ ಚಳಿ ಇಳಿಯುತ್ತಿದ್ದಂತೆ ಅಲ್ಲಿನ ಮರಗಳು ಅಂಗಡಿ ಮುಚ್ಚುತ್ತವೆ. ಎಲೆಯ ಹಸಿರು ಬಣ್ಣವಾದ ಕ್ಲೋರೋಫಿಲ್ ಒಡೆಯುತ್ತದೆ, ಅದರ ಹಿಂದೆ ಮೊದಲಿನಿಂದಲೂ ಅಡಗಿದ್ದ ಹಳದಿ ಕಾಣಿಸಿಕೊಳ್ಳುತ್ತದೆ, ಕೆಲವು ಮರಗಳಲ್ಲಿ ಆಂಥೋಸಯನಿನ್ ಎಂಬ ಕೆಂಪು ಹೊಸದಾಗಿ ಹುಟ್ಟುತ್ತದೆ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿನ ದೀರ್ಘ ಹಗಲಿಗೂ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಎರಡು ಗಂಟೆ ಮಾತ್ರ. ಇಲ್ಲಿನ ಗಿಡಗಳಿಗೆ ಚಳಿಗಿಂತ ನೀರಿನ ಚಿಂತೆ ದೊಡ್ಡದು. ಮಣ್ಣಿನ ತೇವ ಆರುತ್ತ ಬಂದಾಗ ಅವು ಎಲೆಯ ಭಾರ ಇಳಿಸುತ್ತವೆ.

ಹಾಗಾದರೆ ಅಕ್ಟೋಬರಿನಲ್ಲಿ ಮಕ್ಕಳಿಗೆ ತೋರಿಸಲು ಏನೂ ಇಲ್ಲವೇ? ಊರಾಚೆ ನಾಲ್ಕು ಹೆಜ್ಜೆ ಹೋದರೆ ಸಾಕು, ತೊಗರಿ ಹೊಲ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಎದೆಮಟ್ಟ ಬೆಳೆದಿರುತ್ತದೆ. ಹಗಲು ಗಿಡ್ಡವಾಗುತ್ತ ಹೋದಂತೆ ಹೂವಿಗೆ ತಿರುಗುವುದು ತೊಗರಿಯ ಸ್ವಭಾವ. ಮಹಾನವಮಿ, ದೀಪಾವಳಿಯ ಆಸುಪಾಸಿನಲ್ಲಿ ಹೊಲ ಹಳದಿಯಾಗುತ್ತದೆ. ಲಂಡನ್ನಿನ ಮಗು ಹಗಲು ಕುಗ್ಗಿದ್ದನ್ನು ಎಲೆಯ ಬಣ್ಣದಲ್ಲಿ ನೋಡಿದರೆ, ಕಲಬುರಗಿಯ ಮಗು ಅದನ್ನೇ ತೊಗರಿ ಹೂವಿನಲ್ಲಿ ನೋಡಬಹುದು. ಭೌಗೋಳಿಕ ಗುರುತು ಪಡೆದ ಬೇಳೆಯ ನಾಡಿನಲ್ಲಿ ಋತುವಿನ ಪಾಠಕ್ಕೆ ಮೇಪಲ್ ಮರವನ್ನು ಎರವಲು ತರಬೇಕಾಗಿಲ್ಲ.

ಹೂವೊಂದನ್ನು ಅಂಗೈಯಲ್ಲಿಟ್ಟು ಬಿಡಿಸಿದರೆ ಎಸಳುಗಳನ್ನು ಎಣಿಸಬಹುದು, ದೊಡ್ಡ ಎಸಳಿನ ಬೆನ್ನ ಮೇಲಿನ ಕೆಂಪು ಗೆರೆ ಹುಡುಕಬಹುದು, ಜೇನುನೊಣ ಯಾವ ಕಡೆಯಿಂದ ಒಳಹೊಕ್ಕಿತೆಂದು ಊಹಿಸಬಹುದು. ಏಳು ವರ್ಷದ ಮಗುವಿಗೆ ಒಂದು ಬೆಳಗಿಗೆ ಇಷ್ಟು ವಿಜ್ಞಾನ ಧಾರಾಳವಾಯಿತು.

ಹಗಲು ಕುಗ್ಗುವುದನ್ನು ಗುರುತಿಸಲು ದುಬಾರಿ ಉಪಕರಣ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ನೆರಳಿನ ತುದಿಗೆ ಸುಣ್ಣದ ಗೆರೆ ಎಳೆದರಾಯಿತು. ಸೆಪ್ಟೆಂಬರ್ 23ರಂದು ಆ ನೆರಳು ಸುಮಾರು 31 ಸೆಂಟಿಮೀಟರ್ ಇರುತ್ತದೆ. ಡಿಸೆಂಬರ್ 22ರ ಹೊತ್ತಿಗೆ 86ಕ್ಕೆ ಬೆಳೆಯುತ್ತದೆ. ಸೆಂಟಿಮೀಟರ್ ಗೊತ್ತಿಲ್ಲದ ಮಕ್ಕಳು ಗೇಣಿನಲ್ಲಿ ಅಳೆಯಲಿ. ಒಬ್ಬನ ಗೇಣು ಇನ್ನೊಬ್ಬಳ ಗೇಣಿಗೆ ಹೊಂದದೆ ಜಗಳವಾದರೆ ಇನ್ನೂ ಒಳ್ಳೆಯದು. ಅಳತೆಗೋಲು ಯಾಕೆ ಬೇಕೆಂಬುದು ಆ ಜಗಳದಲ್ಲೇ ತಿಳಿಯುತ್ತದೆ.

ದಸರೆಯ ಸಂಜೆ "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಎಂದು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುವ ಮಕ್ಕಳು, ಉಳಿದ ಎಲೆಯನ್ನು ರಜೆ ಮುಗಿದ ಮೇಲೆ ಶಾಲೆಗೆ ತರಬಹುದು. ಬನ್ನಿಯ ಎಲೆ ಯಾಕೆ ಅಷ್ಟು ಸಣ್ಣದು, ಬಾಳೆಯ ಎಲೆ ಯಾಕೆ ಅಷ್ಟು ದೊಡ್ಡದು? ಸಣ್ಣ ಎಲೆಯಿಂದ ನೀರು ಕಡಿಮೆ ಆವಿಯಾಗುತ್ತದೆ. ಮಳೆ ಕಡಿಮೆ ಇರುವ ಬಯಲಿನಲ್ಲಿ ಬನ್ನಿ ಬದುಕಿದ ಗುಟ್ಟುಗಳಲ್ಲಿ ಅದೂ ಒಂದು.

ಬಾಳೆಯ ಮಾತಿಗೆ ಕಮಲಾಪುರಕ್ಕೇ ಹೋಗಬೇಕು. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ದಾರಿಯಲ್ಲಿರುವ ಈ ಊರಿನ ಕೆಂಪು ಬಾಳೆಯೂ ಭೌಗೋಳಿಕ ಗುರುತು ಪಡೆದ ಬೆಳೆ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಿಸುತ್ತದೆ. ಎಲೆ ಉದುರುವ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ, ಏಕೆಂದರೆ ಬಾಳೆ ಎಲೆ ಉದುರುವುದೇ ಇಲ್ಲ. ಅರಳಿ, ಬೇವುಗಳಲ್ಲಿ ಎಲೆತೊಟ್ಟಿನ ಬುಡದಲ್ಲಿ ತೆಳುವಾದೊಂದು ಪದರ ಬೆಳೆದು, ಅಲ್ಲಿಂದ ಎಲೆ ಕಳಚಿ, ಗಾಯ ಮುಚ್ಚಿಕೊಳ್ಳುತ್ತದೆ. ಬಾಳೆಯಲ್ಲಿ ಅಂಥ ಪದರ ಬೆಳೆಯುವುದಿಲ್ಲ. ಹಳೆಯ ಎಲೆ ಒಣಗಿ ಗಿಡಕ್ಕೇ ಜೋತುಬೀಳುತ್ತದೆ, ರೈತರೇ ಕೊಯ್ದು ತೆಗೆಯಬೇಕು. "ಅಕ್ಕೋರ, ನಮ್ಮ ಬಾಳಿ ಎಲಿ ಯಾಕ ತಾನಾಗೇ ಬೀಳಂಗಿಲ್ರೀ?" ಎಂದು ಮಗುವೊಂದು ಕೇಳುವಂತಾದರೆ ಅಂದಿನ ಪಾಠ ಮುಟ್ಟಿತೆಂದೇ ಲೆಕ್ಕ.

ಇನ್ನು ಫೆಬ್ರುವರಿ. ನಗರದ ಮನೆಗಳ ಮುಂದೆ, ಶಾಲೆಗಳ ಅಂಗಳದಲ್ಲಿ ಕೊಡೆಯಂತೆ ಹರಡುವ ಬಾದಾಮಿ ಗಿಡ ಉದುರುವ ಮುನ್ನ ನಿಜವಾಗಿಯೂ ಕೆಂಪಾಗುತ್ತದೆ. ನಮ್ಮ ಕಣ್ಣೆದುರಿನ ಮೇಪಲ್ ಅದೇ. ಅರಳಿಯದು ಇನ್ನೂ ಸೊಗಸು: ಅದರ ಎಲೆ ಹುಟ್ಟುವಾಗಲೇ ಕೆಂಪು, ಬೆಳೆದ ಮೇಲೆ ಹಸಿರು. ಬೇವು ಒಂದು ಕೈಯಲ್ಲಿ ಹಳೆಯ ಎಲೆ ಚೆಲ್ಲುತ್ತ ಇನ್ನೊಂದು ಕೈಯಲ್ಲಿ ಯುಗಾದಿಗೆ ಹೂವು ಸಿದ್ಧಮಾಡುತ್ತದೆ. ಎಲೆಗಳಿರುವ ಕೊಂಬೆಗೆ ಬೆಳಿಗ್ಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ನೋಡಿದರೆ ಒಳಗೆ ನೀರಿನ ಹನಿ. ಗಿಡ ಎಲೆಯ ಮೂಲಕ ಎಷ್ಟು ನೀರು ಕಳೆದುಕೊಳ್ಳುತ್ತದೆ, ಬೇಸಿಗೆಗೆ ಮೊದಲು ಯಾಕೆ ಎಲೆ ಬಿಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಅರಳಿ ಎಲೆಯನ್ನು ಕೆಲವು ವಾರ ನೀರಲ್ಲಿ ನೆನೆಹಾಕಿ ಮೆಲ್ಲಗೆ ತೊಳೆದರೆ ತಿರುಳು ಹೋಗಿ ನರಗಳ ಜಾಲರಿ ಉಳಿಯುತ್ತದೆ.

ಇಂಥ ಪಾಠಕ್ಕೆ ಸರಕಾರಿ ಶಾಲೆಯಲ್ಲಿ ಜಾಗವಿಲ್ಲ ಎನ್ನುವಂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ–ಕಲಿ, ಮುಂದೆ ರಾಜ್ಯದಾದ್ಯಂತ ಕಿರಿಯ ತರಗತಿಗಳಿಗೆ ಬಂತು. ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಕೈಯಿಂದ ಮಾಡಿ ಕಲಿಯಬೇಕೆಂಬುದೇ ಅದರ ಜೀವಾಳ. ನಗರದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವೂ ಇದೆ. ಮಾವು, ಹುಣಸೆ, ಹೊಂಗೆಯಂಥ ಗಿಡಗಳ ಚಿಗುರು, ಹೂವು, ಕಾಯಿಗಳನ್ನು ವಾರವಾರ ಗಮನಿಸಿ ದಾಖಲಿಸುವ 'ಸೀಸನ್ ವಾಚ್' ಯೋಜನೆಯಲ್ಲಿ ದೇಶದ ಅನೇಕ ಶಾಲೆಗಳ ಮಕ್ಕಳು ಭಾಗವಹಿಸಿದ್ದಾರೆ. ಅಡ್ಡಿಯಾಗುವುದು ವೇಳಾಪಟ್ಟಿ. ಅಕ್ಟೋಬರಿನಲ್ಲಿ ದಸರೆ ರಜೆ, ಫೆಬ್ರುವರಿ ಬಂದರೆ ಪರೀಕ್ಷೆಯ ಗಡಿಬಿಡಿ. ಆದರೂ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ವಾರಕ್ಕೆ ಹತ್ತು ನಿಮಿಷ ಬೇವಿನ ಬುಡಕ್ಕೆ ಕರೆದೊಯ್ಯದಷ್ಟು ಅವಸರ ಯಾವ ಶಾಲೆಗೂ ಇರಬಾರದು.

ಎರಡು ಪಾಠಗಳ ನಡುವೆ ಬರುವುದು ಎಳ್ಳಮಾವಾಸ್ಯೆ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಅಕ್ಕೋರು ಮುಂಚೆಯೇ ಮಕ್ಕಳಿಗೆ ಒಂದು ಕೆಲಸ ಹೇಳಿ ಕಳಿಸಬಹುದು: ತೊಗರಿ ಗಿಡದ ಬುಡದಲ್ಲಿ ಏನಿದೆ ನೋಡಿ ಬನ್ನಿ. ಕಾಯಿ ಒಣಗುವ ಹೊತ್ತಿಗೆ ತೊಗರಿ ತನ್ನ ಎಲೆಯನ್ನೆಲ್ಲ ಸಾಲುಗಳ ನಡುವೆ ಚೆಲ್ಲಿರುತ್ತದೆ, ಬರುವ ವರ್ಷದ ಗೊಬ್ಬರವಾಗಿ. ಬಿರುಕು ಬಿಡತೊಡಗಿದ ಕರಿಮಣ್ಣಿನ ಮೇಲೆ ಕೈ ಆಡಿಸಿದರೆ ಒಣ ಎಲೆ ಮುಷ್ಟಿ ತುಂಬ ಬರುತ್ತದೆ.