ವೆಬ್ ಪುಟದ ಪ್ರೋಗ್ರಾಮುಗಳಲ್ಲಿ ಹೆಸರುಗಳ ಮೇರೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಕಂಪ್ಯೂಟರ್ ಕೆಲಸದಿಂದಲೇ ಜೀವನೋಪಾಯವನ್ನು ಕಂಡುಕೊಂಡಿರುವರು. ಈಗ ಓದುತ್ತಿರುವ ಹುಡುಗಿಯರೂ ಮನೆಯಲ್ಲಿ ಕುಳಿತು ವೆಬ್ ಪುಟಗಳಿಗಾಗಿ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದುಂಟು. ನಿನ್ನೆ ಸರಿಯಾಗಿ ನಡೆದುದು ಇಂದು ಏಕೆ ಕೆಟ್ಟಿತೆಂದು ಅವರು ತಲೆಯ ಮೇಲೆ ಕೈಯಿಟ್ಟು ಕುಳಿತುಕೊಳ್ಳುವುದನ್ನು ತಂದೆತಾಯಂದಿರೂ ನೋಡಿರಬಹುದು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹು ಸಾಮಾನ್ಯವಾದ, ಆದರೂ ಅಲ್ಪ ಎಚ್ಚರಿಕೆಯಿಂದ ತಪ್ಪಿಸಬಹುದಾದ ಒಂದನ್ನು ಇಲ್ಲಿ ವಿವರಿಸಬೇಕೆಂದಿರುವೆನು. ಅದು ಯಾವುದೆಂದರೆ, ಒಂದು ಹೆಸರು ಎಲ್ಲಿಯವರೆಗೆ ಸಲ್ಲಬೇಕೆಂಬುದನ್ನು ಗೊತ್ತುಮಾಡದೆ ಬರೆಯುವುದು.

ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆಯನ್ನಾಗಲಿ ಪದವನ್ನಾಗಲಿ ನೆನಪಿನಲ್ಲಿ ಇರಿಸಿಕೊಳ್ಳಬೇಕಾದಾಗ ಅದಕ್ಕೊಂದು ಹೆಸರಿಡುತ್ತೇವೆ. ಕೆಲಸವು ಸಾಗಿದಂತೆ ಆ ಹೆಸರಿನ ಬೆಲೆ ಬದಲಾಗಬಹುದಾದುದರಿಂದ ಅದಕ್ಕೆ ಚರ ಅಥವಾ ವೇರಿಯಬಲ್ ಎನ್ನುವರು. ಪ್ರೋಗ್ರಾಮಿನ ಎಷ್ಟು ಭಾಗದಲ್ಲಿ ಕರೆದರೆ ಆ ಹೆಸರು ಓಗೊಡುವುದೋ ಅಷ್ಟು ಭಾಗವು ಅದರ ವ್ಯಾಪ್ತಿ. ಇದೇ ಸ್ಕೋಪ್ ಎಂಬುದು. ನಮ್ಮ ಮನೆಗಳಲ್ಲಿ ಮಗುವು "ಅಮ್ಮಾ" ಎಂದು ಕೂಗಿದರೆ ಆ ಮನೆಯ ತಾಯಿಯೇ ಬರುವಳು. ಬೀದಿಯ ಪ್ರತಿಯೊಂದು ಮನೆಯಲ್ಲಿಯೂ ಅದೇ ಹೆಸರು ಇದ್ದರೂ ಗೊಂದಲವಿಲ್ಲ. ಏಕೆಂದರೆ ಆ ಹೆಸರಿಗೆ ಮನೆಯ ಗೋಡೆಯೇ ಮೇರೆ. ಅದೇ ಮಗುವು ಜಾತ್ರೆಯ ನಡುವೆ ನಿಂತು ಕೂಗಿದರೆ ಇಪ್ಪತ್ತು ಮಂದಿ ತಾಯಂದಿರು ತಿರುಗಿ ನೋಡುವರು. ಪ್ರೋಗ್ರಾಮಿನಲ್ಲಿ ಫಂಕ್ಷನ್ ಎಂಬುದು ಅಂತಹ ಒಂದು ಮನೆ. ಅದರೊಳಗೆ ಹುಟ್ಟಿದ ಹೆಸರು ಅದರೊಳಗೇ ಸಲ್ಲುವುದು. ಯಾವ ಮನೆಯೊಳಗೂ ಸೇರದೆ ಬಯಲಿನಲ್ಲಿ ನಿಂತ ಹೆಸರಿಗೆ ಗ್ಲೋಬಲ್, ಅಂದರೆ ಸಾರ್ವತ್ರಿಕ ಚರ, ಎಂದು ಹೆಸರು.

ಸಾರ್ವತ್ರಿಕ ಚರವು ಶಾಲೆಯ ಹಜಾರದಲ್ಲಿಟ್ಟ ಕರಿಹಲಗೆಯಂತೆ. ಎಲ್ಲರೂ ಓದಬಹುದೆಂಬುದು ಅದರ ಅನುಕೂಲ. ಆದರೆ ಎಲ್ಲರ ಕೈಗೂ ಸೀಮೆಸುಣ್ಣ ಸಿಕ್ಕುವುದರಿಂದ ಎಲ್ಲರೂ ಅಳಿಸಿ ಬರೆಯಲೂಬಹುದು. ಅಲ್ಲಿಯ ಬರಹ ತಪ್ಪಾಗಿದ್ದರೆ ಯಾರು ಬರೆದರೆಂದು ಶಾಲೆಯನ್ನೆಲ್ಲಾ ವಿಚಾರಿಸಬೇಕು. ಒಂದು ಹುಡುಗಿಯ ಸ್ಲೇಟಿನಲ್ಲಿ ತಪ್ಪಿದ್ದರೆ ಅವಳೊಬ್ಬಳನ್ನು ಕೇಳಿದರೆ ಸಾಕು.

ವೆಬ್ ಪುಟಗಳಿಗೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ನೆಟ್‌ಸ್ಕೇಪ್ ಕಂಪೆನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು 1995ನೆಯ ಇಸವಿಯ ಮೇ ತಿಂಗಳಲ್ಲಿ ಕೇವಲ ಹತ್ತು ದಿನಗಳಲ್ಲಿ ರಚಿಸಿದರು. ಹೊಸಬರಿಗೆ ಸುಲಭವಾಗಲೆಂದು ಅದರಲ್ಲಿ ಬಹಳ ಸಡಿಲಿಕೆಯನ್ನು ಇರಿಸಲಾಯಿತು. ಫಂಕ್ಷನ್ನಿನೊಳಗೆ "ವಾರ್" ಎಂಬ ಪದವನ್ನು ಮುಂದಿಟ್ಟು ಹೆಸರನ್ನು ಘೋಷಿಸಿದರೆ ಅದು ಒಳಗಿನ ಹೆಸರಾಗುವುದು. ಘೋಷಿಸದೆ ಬೆಲೆಯನ್ನು ಕೊಟ್ಟುಬಿಟ್ಟರೆ, ತಪ್ಪೆಂದು ಹೇಳುವ ಬದಲಾಗಿ ಭಾಷೆಯು ತಾನಾಗಿಯೇ ಆ ಹೆಸರಿನ ಸಾರ್ವತ್ರಿಕ ಚರವೊಂದನ್ನು ಹುಟ್ಟಿಸುವುದು. ಮೂರಕ್ಷರದ ಒಂದು ಪದ ಬಿಟ್ಟುಹೋದರೆ ಸ್ಲೇಟಿನ ಲೆಕ್ಕವು ಸದ್ದಿಲ್ಲದೆ ಹಜಾರದ ಹಲಗೆಗೆ ಹೋಗಿ ಸೇರುವುದು.

ಇದರ ಫಲವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ನಲವತ್ತು ಹುಡುಗಿಯರ ತರಗತಿಗೆ ಒಬ್ಬೊಬ್ಬಳ ಆರು ವಿಷಯಗಳ ಅಂಕಗಳನ್ನು ಕೂಡಬೇಕೆಂದಿಟ್ಟುಕೊಳ್ಳಿ. ಹೊರಗಿನ ಎಣಿಕೆ ಹುಡುಗಿಯರದು, ಒಂದರಿಂದ ನಲವತ್ತರವರೆಗೆ. ಒಳಗೆ ಕೂಡುವ ಫಂಕ್ಷನ್ನಿನ ಎಣಿಕೆ ವಿಷಯಗಳದು, ಒಂದರಿಂದ ಆರರವರೆಗೆ. ಎರಡಕ್ಕೂ ವಾಡಿಕೆಯಂತೆ ಐ ಎಂಬ ಇಂಗ್ಲಿಷ್ ಅಕ್ಷರವನ್ನೇ ಹೆಸರಾಗಿಟ್ಟು, ಎರಡು ಕಡೆಯೂ ಘೋಷಣೆಯನ್ನು ಮರೆತರೆ, ಇರುವುದು ಒಂದೇ ಐ. ಮೊದಲನೆಯ ಹುಡುಗಿಯ ಆರು ವಿಷಯಗಳು ಮುಗಿದಾಗ ಅದು ಏಳಕ್ಕೆ ಬಂದು ನಿಲ್ಲುವುದು. ಹೊರಗಿನ ಎಣಿಕೆ ಅದಕ್ಕೆ ಒಂದನ್ನು ಕೂಡಿಸಿ ಎಂಟನೆಯವಳನ್ನು ಕರೆಯುವುದು. ಅವಳ ಲೆಕ್ಕ ಮುಗಿದಾಗ ಐ ಮತ್ತೆ ಏಳು. ಮತ್ತೆ ಎಂಟನೆಯವಳಿಗೇ ಕರೆ. ಹೀಗೆ ಎಂಟನೆಯ ಹುಡುಗಿಯ ಅಂಕಗಳನ್ನೇ ಕೊನೆಯಿಲ್ಲದೆ ಕೂಡುತ್ತಾ ಪುಟವು ಸ್ತಬ್ಧವಾಗುವುದು. ಉಳಿದ ಮೂವತ್ತೆಂಟು ಮಂದಿಯ ಸರದಿ ಬರುವುದೇ ಇಲ್ಲ. ಎರಡು ಭಾಗಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಸರಿಯಾಗಿಯೇ ನಡೆಯುವವು. ಈ ದೋಷದ ಕಷ್ಟವಿರುವುದೇ ಅಲ್ಲಿ.

ಮತ್ತೊಂದು ಇದಕ್ಕಿಂತಲೂ ಸೂಕ್ಷ್ಮವಾದುದು. ಹುಡುಗಿಯು ತೇರ್ಗಡೆಯಾದಳೇ ಎಂಬುದನ್ನು ಇರಿಸಲು ಸ್ಟೇಟಸ್ ಎಂಬ ಹೆಸರನ್ನು ಬಯಲಿನಲ್ಲಿಯೇ ವಾರ್ ಎಂದು ಘೋಷಿಸಿ, ಇಲ್ಲವೆಂಬ ಅರ್ಥದ ಫಾಲ್ಸ್ ಎಂಬ ಬೆಲೆಯನ್ನು ಕೊಟ್ಟೆವೆನ್ನಿ. ಬ್ರೌಸರಿನ ಕಿಟಕಿಗೆ ಸ್ಟೇಟಸ್ ಎಂಬ ಹೆಸರು ಮೊದಲೇ ಉಂಟು. ಅದು ಅಕ್ಷರಗಳನ್ನು ಮಾತ್ರ ಹಿಡಿಯತಕ್ಕದ್ದು. ಆದುದರಿಂದ ನಾವು ಕೊಟ್ಟ ಬೆಲೆಯು ಫಾಲ್ಸ್ ಎಂಬ ಬರಿಯ ಪದವಾಗಿ ಮಾರ್ಪಡುವುದು. ಅಕ್ಷರಗಳಿಂದ ಕೂಡಿದ ಯಾವ ಪದವನ್ನಾದರೂ ಜಾವಾಸ್ಕ್ರಿಪ್ಟ್ ಹೌದೆಂದೇ ಎಣಿಸುವುದರಿಂದ ತೇರ್ಗಡೆಯಾಗದವಳು ತೇರ್ಗಡೆಯಾದಳೆಂದು ಪುಟದಲ್ಲಿ ಕಾಣಿಸುವುದು! ಅದೇ ಹೆಸರು ಫಂಕ್ಷನ್ನಿನೊಳಗೆ ಘೋಷಿತವಾಗಿದ್ದರೆ ಈ ಅನರ್ಥವಿಲ್ಲ.

ಒಂದೇ ಪುಟದಲ್ಲಿ ಹಲವರು ಬರೆದ ಪ್ರೋಗ್ರಾಮುಗಳು ಸೇರಿದಾಗ ತೊಂದರೆ ಇಮ್ಮಡಿಸುವುದು. ಅವೆಲ್ಲಕ್ಕೂ ಬಯಲು ಒಂದೇ. ಪ್ರೋಟೋಟೈಪ್ ಎಂಬ ಸಂಗ್ರಹವೂ, 2006ರಲ್ಲಿ ಹೊರಟ ಜೆಕ್ವೆರಿ ಎಂಬ ಸಂಗ್ರಹವೂ ಡಾಲರ್ ಚಿಹ್ನೆಯನ್ನೇ ತಮ್ಮ ಹೆಸರಾಗಿ ಬಳಸಿದವು. ಎರಡನ್ನೂ ಒಂದೇ ಪುಟಕ್ಕೆ ತಂದರೆ ಹಿಂದೆ ಬಂದದ್ದು ಮುಂದಿದ್ದುದನ್ನು ಅಳಿಸುವುದು. ಆದುದರಿಂದ ಜೆಕ್ವೆರಿಯವರು ಆ ಚಿಹ್ನೆಯನ್ನು ಮೊದಲಿದ್ದವರಿಗೆ ಹಿಂದಿರುಗಿಸುವ ಒಂದು ಉಪಾಯವನ್ನೇ ಒದಗಿಸಬೇಕಾಯಿತು. ಡಗ್ಲಸ್ ಕ್ರಾಕ್‌ಫರ್ಡ್ ಎಂಬ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಾಷೆಯ ಕೆಟ್ಟ ಗುಣಗಳಲ್ಲೆಲ್ಲಾ ಸಾರ್ವತ್ರಿಕ ಚರಗಳ ಅವಲಂಬನೆಯೇ ಅತ್ಯಂತ ಕೆಟ್ಟದೆಂದು ಎಣಿಸಿರುವರು.

ಇದು ಕೇವಲ ಲೆಕ್ಕ ತಪ್ಪುವ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಸರ್ವರಿನಲ್ಲಿ ನಡೆಯುವ ಪಿಎಚ್‌ಪಿ ಎಂಬ ಭಾಷೆಯಲ್ಲಿ ಇದರಿಂದ ಬಾಗಿಲಿನ ಬೀಗವೇ ತೆರೆದುಕೊಳ್ಳುವಂತಿತ್ತು. ಆ ಭಾಷೆಯಲ್ಲಿ ಫಂಕ್ಷನ್ನಿನೊಳಗಿನ ಹೆಸರುಗಳು ತಾವಾಗಿಯೇ ಒಳಗಿನವು. ಹೊರಗಿನದು ಬೇಕಾದರೆ ಗ್ಲೋಬಲ್ ಎಂಬ ಪದದಿಂದ ಕೇಳಿ ಪಡೆಯತಕ್ಕದ್ದು. ಇದು ಒಳ್ಳೆಯ ಕಟ್ಟಳೆ. ಆದರೆ ರಿಜಿಸ್ಟರ್ ಗ್ಲೋಬಲ್ಸ್ ಎಂಬ ಒಂದು ಸೌಕರ್ಯವೂ ಅದರಲ್ಲಿತ್ತು. ಪುಟವನ್ನು ಕೇಳುವವನು ವಿಳಾಸದ ಕೊನೆಯಲ್ಲಿ ಬರೆದ ಹೆಸರುಗಳೆಲ್ಲವೂ ಪ್ರೋಗ್ರಾಮಿನ ಸಾರ್ವತ್ರಿಕ ಚರಗಳಾಗಿ ಬಂದು ಕೂರುತ್ತಿದ್ದವು. ಗುಪ್ತಪದ ಸರಿಯಿದ್ದರೆ ಅನುಮತಿ ಎಂಬ ಚರಕ್ಕೆ ಒಂದು ಎಂದು ಬರೆದು, ಆರಂಭದಲ್ಲಿ ಅದಕ್ಕೆ ಸೊನ್ನೆಯನ್ನು ಇರಿಸಲು ಮರೆತ ಪ್ರೋಗ್ರಾಮನ್ನು ಊಹಿಸಿಕೊಳ್ಳಿ. ಅಪರಿಚಿತನು ಗುಪ್ತಪದವನ್ನೇ ಅರಿಯದೆ, ವಿಳಾಸದ ತುದಿಗೆ ಅನುಮತಿ ಸಮ ಒಂದು ಎಂದು ಸೇರಿಸಿದರೆ ಒಳಗೆ ಬಂದುಬಿಡುವನು. ಈ ಕಾರಣದಿಂದ 2002ರಲ್ಲಿ ಬಂದ 4.2 ಆವೃತ್ತಿಯಲ್ಲಿ ಈ ಸೌಕರ್ಯವನ್ನು ಮೊದಲೇ ಮುಚ್ಚಿಟ್ಟು ಕೊಡಲಾಯಿತು, 2012ರ 5.4 ಆವೃತ್ತಿಯಲ್ಲಿ ಸಂಪೂರ್ಣವಾಗಿ ತೆಗೆದುಹಾಕಲಾಯಿತು.

ಜಾವಾಸ್ಕ್ರಿಪ್ಟಿನಲ್ಲಿಯೂ ಸುಧಾರಣೆಗಳು ಬಂದಿವೆ. 2009ರ ಡಿಸೆಂಬರಿನ ಐದನೆಯ ಆವೃತ್ತಿಯಲ್ಲಿ ಯೂಸ್ ಸ್ಟ್ರಿಕ್ಟ್ ಎಂಬ ಆಜ್ಞೆ ಬಂದಿತು. ಅದನ್ನು ಪ್ರೋಗ್ರಾಮಿನ ತಲೆಯಲ್ಲಿ ಬರೆದರೆ, ಘೋಷಿಸದ ಹೆಸರಿಗೆ ಬೆಲೆಯನ್ನು ಕೊಟ್ಟೊಡನೆ ಕೆಲಸವು ನಿಂತು ತಪ್ಪನ್ನು ತೋರಿಸುವುದು. 2015ರ ಜೂನ್ ತಿಂಗಳಲ್ಲಿ ಲೆಟ್ ಮತ್ತು ಕಾನ್ಸ್ಟ್ ಎಂಬೆರಡು ಪದಗಳು ಸೇರಿದವು. ವಾರ್ ಎಂಬುದರ ವ್ಯಾಪ್ತಿಯು ಇಡೀ ಫಂಕ್ಷನ್ನಾದರೆ, ಇವುಗಳದು ಒಂದು ಜೊತೆ ಪುಷ್ಪಾವರಣದೊಳಗಿನ ಭಾಗ ಮಾತ್ರ; ಕಾನ್ಸ್ಟ್ ಎಂದು ಘೋಷಿಸಿದ ಹೆಸರಿಗೆ ಮತ್ತೆ ಬೇರೆ ಬೆಲೆಯನ್ನು ಕೊಡಲಾಗದು. ಆದರೂ ಒಂದು ಎಚ್ಚರಿಕೆ: ಸಾಮಾನ್ಯ ಪ್ರೋಗ್ರಾಮಿನ ಬಯಲಿನಲ್ಲಿ ಲೆಟ್ ಎಂದು ಬರೆದ ಹೆಸರೂ ಅದೇ ಪುಟದ ಇತರ ಪ್ರೋಗ್ರಾಮುಗಳಿಗೆ ಕಾಣುವುದು. ಪ್ರತಿ ಕಡತಕ್ಕೂ ತನ್ನದೇ ಗೋಡೆ ಬೇಕಾದರೆ ಅದನ್ನು ಮಾಡ್ಯೂಲ್ ಆಗಿ ಬರೆಯತಕ್ಕದ್ದು. ಆಗ ಹೊರಗೆ ಕೊಡಬೇಕೆಂದು ನಾವು ಸ್ಪಷ್ಟವಾಗಿ ಹೇಳಿದ ಹೆಸರುಗಳು ಮಾತ್ರ ಹೊರಗೆ ಹೋಗುವವು. ಕಟ್ಟುನಿಟ್ಟಿನ ಆಜ್ಞೆಯೂ ಅಲ್ಲಿ ತಾನಾಗಿಯೇ ಜಾರಿಯಲ್ಲಿರುವುದು.

ಸಾರ್ವತ್ರಿಕ ಹೆಸರುಗಳು ಎಂದಿಗೂ ಬೇಡವೆಂದು ನಾನು ಹೇಳುವುದಿಲ್ಲ. ಹಜಾರದಲ್ಲಿ ಒಂದು ಗಡಿಯಾರ ಬೇಕೇ ಬೇಕು. ಆದರೆ ಅಂತಹವು ಕೆಲವೇ ಇರಬೇಕು. ಸಾಧ್ಯವಾದಷ್ಟು ಕಾನ್ಸ್ಟ್ ಆಗಿರಬೇಕು. ಅವುಗಳ ಹೆಸರು ಉದ್ದವಾಗಿಯೂ ಸ್ಪಷ್ಟವಾಗಿಯೂ ಇರಬೇಕು. ಉಳಿದವುಗಳ ವಿಷಯದಲ್ಲಿ ಕಲಿಯುವವರು ಪಾಲಿಸತಕ್ಕ ನಿಯಮಗಳು ಇಷ್ಟೇ. ಹೆಸರನ್ನು ಬಳಸುವ ಮೊದಲು ಘೋಷಿಸಿ, ಆರಂಭದ ಬೆಲೆಯನ್ನು ಕೊಡಬೇಕು. ಅದು ಬೇಕಾದ ಅತ್ಯಂತ ಚಿಕ್ಕ ಕೋಣೆಯಲ್ಲಿಯೇ ಅದನ್ನು ಇರಿಸಬೇಕು. ಫಂಕ್ಷನ್ನಿಗೆ ಬೇಕಾದುದನ್ನು ಬಾಗಿಲಿನಿಂದ ಕೊಟ್ಟು, ಅದರ ಫಲವನ್ನೂ ಬಾಗಿಲಿನಿಂದಲೇ ಪಡೆಯಬೇಕು. ಗೋಡೆಯ ಆಚೆಗೆ ಕೈಚಾಚಲು ಬಿಡಬಾರದು.

ಪೋಷಕರು ಈ ಭಾಷೆಗಳನ್ನು ಅರಿಯದಿದ್ದರೂ ಮಗಳನ್ನು ಒಂದು ಪ್ರಶ್ನೆ ಕೇಳಬಹುದು: "ಈ ಹೆಸರನ್ನು ಯಾರು ಯಾರು ಬದಲಾಯಿಸಬಲ್ಲರು?" ಅವಳು ಬೆರಳು ಮಡಿಸಿ ಎಣಿಸಿ ಹೇಳಬಲ್ಲಳಾದರೆ ಅವಳ ಕೆಲಸವು ಭದ್ರವಾದ ತಳಹದಿಯ ಮೇಲಿದೆಯೆಂದು ತಿಳಿಯಿರಿ. ಹೇಳಲಾರದಿದ್ದರೆ, ಇಂದು ನಡೆಯುತ್ತಿರುವ ಪುಟವು ಯಾರಾದರೂ ಮತ್ತೊಂದು ಸಾಲನ್ನು ಸೇರಿಸುವ ದಿನದವರೆಗೆ ಮಾತ್ರ ನಡೆದೀತು. ಕಚೇರಿಗಳಲ್ಲಿ ಈ ಕೆಲಸವನ್ನೇ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಹೊಸ ಮಾತಲ್ಲ. ಅವರು ಬರೆದ ಪುಟಗಳ ಮೇಲೆ ಇತರರ ವೇತನ, ಅಂಕ, ಔಷಧಿಯ ಲೆಕ್ಕಗಳು ನಿಂತಿರುವುದರಿಂದ ಹೆಸರುಗಳಿಗೆ ಮೇರೆಯನ್ನು ಹಾಕುವ ಈ ಚಿಕ್ಕ ಶಿಸ್ತನ್ನು ತಮ್ಮ ಕೈಕೆಳಗೆ ಕಲಿಯುವ ಕಿರಿಯರಿಗೂ ತಪ್ಪದೆ ಕಲಿಸಿಕೊಡಬೇಕೆಂದು ಕೋರುತ್ತೇನೆ.