ತಾಯಿಯಿಂದ ಶಿಶುವಿಗೆ ಕಾಮಾಲೆಯ ವೈರಾಣು

ಕಾಮಾಲೆಯನ್ನು ಅರಿಯದವರು ನಮ್ಮ ಹಳ್ಳಿಗಳಲ್ಲಿ ಇಲ್ಲ. ಕಣ್ಣು ಹಳದಿಯಾದೊಡನೆ ಸೊಪ್ಪಿನ ರಸ ಕುಡಿಸುವುದು, ಪಥ್ಯ ಮಾಡಿಸುವುದು ರೂಢಿ. ಆದರೆ ಕಾಮಾಲೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದಾದ ‘ಹೆಪಟೈಟಿಸ್ ಬಿ’ ವೈರಾಣುವು ಪತಿಪತ್ನಿಯರಲ್ಲಿ ಒಬ್ಬರಿಂದೊಬ್ಬರಿಗೆ, ತಾಯಿಯಿಂದ ಶಿಶುವಿಗೆ ಹರಡಬಲ್ಲದು. ಆದ್ದರಿಂದ ದಂಪತಿಗಳಿಬ್ಬರೂ ಇದನ್ನು ತಿಳಿದಿರುವುದು ಅವಶ್ಯಕ.

ವೈರಾಣು ಹರಡುವ ಬಗೆ

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದ ಕೂಡಿದೆ. ವೈರಾಣುವು ಜೀವಕೋಶಕ್ಕಿಂತಲೂ ಬಹು ಸೂಕ್ಷ್ಮ. ಸಾಲಾಗಿ ಇರಿಸಿದರೆ ಒಂದು ಮಿಲಿಮೀಟರಿನಲ್ಲಿ 20,000ಕ್ಕೂ ಹೆಚ್ಚು ಹಿಡಿಯುತ್ತವೆ. ಅದು ತಾನಾಗಿ ವೃದ್ಧಿಯಾಗಲಾರದು. ಬಂದಳಿಕೆಯು ಮರವನ್ನು ಆಶ್ರಯಿಸುವಂತೆ ಜೀವಕೋಶವನ್ನು ಆಶ್ರಯಿಸುತ್ತದೆ. ರಕ್ತದ ಮೂಲಕ ಯಕೃತ್ತನ್ನು ತಲುಪಿ, ಅಲ್ಲಿನ ಕೋಶಗಳು ಪಿತ್ತರಸದ ಲವಣಗಳನ್ನು ಒಳಗೆಳೆದುಕೊಳ್ಳುವ ಬಾಗಿಲಿಗೇ ಅಂಟಿಕೊಂಡು ಒಳಹೋಗುತ್ತದೆ. ಕೋಶದ ಕೇಂದ್ರದಲ್ಲಿ ನೆಲೆಸಿ, ಆ ಕೋಶದಿಂದಲೇ ತನ್ನಂತಹ ಅನೇಕ ವೈರಾಣುಗಳನ್ನು ಮಾಡಿಸಿಕೊಳ್ಳುತ್ತದೆ. ಅವು ಹೊರಬಂದು ಇತರ ಕೋಶಗಳನ್ನು ಸೇರುತ್ತವೆ. ಇವುಗಳನ್ನು ಅಳಿಸಲು ದೇಹದ ರಕ್ಷಣಾಶಕ್ತಿಯು ಸೋಂಕಿತ ಕೋಶಗಳ ಮೇಲೆ ಎರಗಿದಾಗ ಯಕೃತ್ತು ಗಾಸಿಗೊಳ್ಳುತ್ತದೆ.

ಶಿಶುವಿಗೆ ಹೆಚ್ಚು ಅಪಾಯವೇಕೆ?

ವಯಸ್ಕರಲ್ಲಿ ಬಹುಪಾಲು ಮಂದಿಯ ದೇಹವು ಆರು ತಿಂಗಳೊಳಗೆ ವೈರಾಣುವನ್ನು ಹೊರದೂಡುತ್ತದೆ. ನವಜಾತ ಶಿಶುವಿಗೆ ಆ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೆರಿಗೆಯ ಸಮಯದಲ್ಲಿ ಸೋಂಕು ತಗುಲಿದ 100 ಶಿಶುಗಳಲ್ಲಿ ಸುಮಾರು 90 ಶಿಶುಗಳಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ಸಾಮಾನ್ಯವಾಗಿ ಜ್ವರವಾಗಲಿ, ಕಣ್ಣಿನ ಹಳದಿಯಾಗಲಿ ಕಾಣುವುದಿಲ್ಲ. ಮಗು ಆಡಿಕೊಂಡು ಬೆಳೆಯುತ್ತದೆ. ಹಲವು ವರ್ಷಗಳ ನಂತರ, ಸಂಸಾರದ ಹೊಣೆ ಹೊತ್ತಿರುವಾಗ, ಯಕೃತ್ತು ಗಡಸಾಗಬಹುದು ಇಲ್ಲವೆ ಕ್ಯಾನ್ಸರ್ ತಲೆದೋರಬಹುದು.

ನೀವು ಮಾಡಬೇಕಾದುದು

ಗರ್ಭಿಣಿಯಾದೊಡನೆ ರಕ್ತಪರೀಕ್ಷೆ ಮಾಡಿಸಿರಿ. ಹೆರಿಗೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿರಿ. ಮಗು ಹುಟ್ಟಿದ 24 ಗಂಟೆಗಳೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರಿ. ಲಸಿಕೆಯಿಂದ ಉಂಟಾಗುವ ಪ್ರತಿಕಾಯಗಳು ವೈರಾಣುವನ್ನು ಸುತ್ತುವರಿದು, ಅದು ಕೋಶದ ಬಾಗಿಲನ್ನು ಸೇರದಂತೆ ತಡೆಯುತ್ತವೆ. ವೈರಾಣು ನೆಲೆಯೂರಿದ ಮೇಲೆ ಲಸಿಕೆ ಫಲಿಸದು. ಆದ್ದರಿಂದಲೇ ಈ ಅವಸರ. ಬಳಿಕ 6, 10 ಮತ್ತು 14ನೆಯ ವಾರಗಳ ಲಸಿಕೆಗಳನ್ನು ತಪ್ಪಿಸಬೇಡಿರಿ. ತಾಯಿಗೆ ಸೋಂಕಿದ್ದರೆ ಶಿಶುವಿಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ವೈದ್ಯರು ಕೊಡುತ್ತಾರೆ. ಅಂತಹ ತಾಯಿಯೂ ಎದೆಹಾಲು ಕುಡಿಸಬಹುದು.

ಒಬ್ಬರಲ್ಲಿ ಸೋಂಕು ಕಂಡರೆ ಇನ್ನೊಬ್ಬರೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಲಸಿಕೆ ಪಡೆಯಬೇಕು; ಲಸಿಕೆ ಪೂರ್ಣವಾಗುವವರೆಗೆ ನಿರೋಧ್ ಬಳಸಬೇಕು. ಕ್ಷೌರದ ಬ್ಲೇಡು, ಸೂಜಿಗಳನ್ನು ಹಂಚಿಕೊಳ್ಳಬಾರದು. ದೇಹದ ಹೊರಗೂ ವೈರಾಣು 7 ದಿನ ಬದುಕಬಲ್ಲದು. ಆದರೆ ಒಟ್ಟಿಗೆ ಕುಳಿತು ಉಣ್ಣುವುದರಿಂದ, ಮೈ ಮುಟ್ಟುವುದರಿಂದ ಇದು ಹರಡದು.

ಸೋಂಕು ಕಂಡುಬಂದ ಸೊಸೆಯನ್ನು ದೂಷಿಸುವುದು, ತವರಿಗೆ ಕಳುಹಿಸುವುದು ಅನ್ಯಾಯ. ಆಕೆಗೆ ಅದು ತನ್ನ ಜನನದಲ್ಲಿಯೇ ತಗುಲಿರಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದರ ಪರೀಕ್ಷೆ, ಚಿಕಿತ್ಸೆಗಳು ಉಚಿತ. ನಿಮ್ಮ ಆರೋಗ್ಯ ಕೇಂದ್ರಕ್ಕೆ ಗಂಡ ಹೆಂಡಿರಿಬ್ಬರೂ ಕೂಡಿ ಬನ್ನಿರಿ.